ರೊಕ್ಕ ಬಂದೈತಿ ಅಂತ ಯಾರು ಹೇಳಿದರು?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಓಡಿಸುವ ಒಂದು ಖಾಸಗಿ ಸಂಸ್ಥೆಯ ಜಾಲತಾಣಕ್ಕೆ ಕಾರ್ಡ್ ಪಾವತಿಯನ್ನು ಜೋಡಿಸುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಪ್ರಯಾಣಿಕರು ಸೀಟು ಆರಿಸಿದ ಪುಟದಲ್ಲಿಯೇ ಕಾರ್ಡಿನ ವಿವರ ತುಂಬುವಂತಿರಬೇಕು, ಪಾವತಿಯನ್ನು ಬ್ಯಾಂಕಿಗೆ ತಲುಪಿಸಿಕೊಡುವ ಪೇಮೆಂಟ್ ಗೇಟ್‌ವೇಯ ಪುಟಕ್ಕೆ ಅವರನ್ನು ಕಳುಹಿಸಬಾರದು ಎಂಬುದು ಸಂಸ್ಥೆಯವರ ಬೇಡಿಕೆ. ಹಾಗೆ ಮಾಡಬೇಕಾದರೆ ಕಾರ್ಡ್ ಸಂಖ್ಯೆ ಮೊದಲು ನಮ್ಮ ಸರ್ವರ್‌ಗೆ ಬಂದು, ಅಲ್ಲಿಂದ ಗೇಟ್‌ವೇಯ ಸರ್ವರ್‌ಗೆ ನೇರವಾಗಿ ಹೋಗಬೇಕು. ಗೇಟ್‌ವೇಯ ಪುಟವನ್ನೇ ಬಳಸುವ ವ್ಯಾಪಾರಿಗೆ ಪಿಸಿಐ ಡಿಎಸ್‌ಎಸ್ ಎಂಬ ಕಾರ್ಡ್ ಭದ್ರತಾ ಮಾನದಂಡದ ಹೊರೆ ಬಹಳ ಹಗುರ. ಕಾರ್ಡ್ ಸಂಖ್ಯೆಯನ್ನು ಸ್ವತಃ ಮುಟ್ಟುವವರಿಗೆ ಜಾಲ, ಸರ್ವರ್ ಬರೆದಿಡುವ ಲಾಗ್ ಕಡತಗಳು, ಬ್ಯಾಕಪ್, ಸಿಬ್ಬಂದಿಯ ಪ್ರವೇಶ ಎಲ್ಲವೂ ಪರಿಶೀಲನೆಗೆ ಒಳಪಡುತ್ತವೆ. ಆ ಹೊರೆಯನ್ನು ವಿವರಿಸಿದ ಮೇಲೂ ಅವರು ಇದೇ ದಾರಿ ಬೇಕೆಂದರು.

ಸಾರ್ವಜನಿಕರಿಗೆ ತೆರೆಯುವ ಹಿಂದಿನ ದಿನ ಅವರ ಕಚೇರಿಯಲ್ಲಿ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೆವು. ಪರೀಕ್ಷೆಗೆಂದೇ ಇರುವ ಕಾರ್ಡ್ ಸಂಖ್ಯೆಯನ್ನು ತುಂಬಿದೆ, ಒಟಿಪಿ ಪುಟ ಬಂದು ಹೋಯಿತು, ಟಿಕೆಟ್ ಖಚಿತವಾಗಿದೆ ಎಂಬ ಸಾಲು ಮೂಡಿತು. ಲೆಕ್ಕಪತ್ರ ನೋಡುವ ಹಿರಿಯರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ರೊಕ್ಕ ಬಂದೈತಿ ಅಂತ ನಿಮಗ ಯಾರು ಹೇಳಿದ್ರು ಮೇಡಂ?" ಎಂದು ಕೇಳಿದರು. ಇಡೀ ಜೋಡಣೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅದೇ ಎಂದು ನಾನು ನಂಬಿದ್ದೇನೆ. ಆ ಮಧ್ಯಾಹ್ನವಿಡೀ ಅದಕ್ಕೆ ಉತ್ತರ ಹೇಳುವುದರಲ್ಲಿಯೇ ಕಳೆಯಿತು.

ಭಾರತದಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ ಒಟಿಪಿಯಂತಹ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯ ಮಾಡಿರುವುದರಿಂದ, ಸರ್ವರ್‌ನಿಂದ ಸರ್ವರ್‌ಗೆ ಎಂದು ಎಷ್ಟೇ ಹೇಳಿಕೊಂಡರೂ ನಡುವೆ ಒಮ್ಮೆ ಪ್ರಯಾಣಿಕರು ಸಾಮಾನ್ಯವಾಗಿ ತಮ್ಮ ಬ್ಯಾಂಕಿನ ಪುಟಕ್ಕೆ ಹೋಗಿ ಬರಬೇಕಾಗುತ್ತದೆ. ನಮ್ಮ ಕೋರಿಕೆಗೆ ಗೇಟ್‌ವೇ ಮೊದಲು ಕೊಡುವುದು ಆ ಪುಟದ ವಿಳಾಸವನ್ನು. ಒಟಿಪಿ ಕೊಟ್ಟ ನಂತರ ಫಲಿತಾಂಶ ಬ್ರೌಸರ್ ಮೂಲಕ ನಮ್ಮಲ್ಲಿಗೆ ಮರಳುತ್ತದೆ, ಆದರೆ ಅದು ದಾರಿಹೋಕರ ಕೈಯಲ್ಲಿ ಕೊಟ್ಟು ಕಳುಹಿಸಿದ ಚೀಟಿಯ ಹಾಗೆ: ತಲುಪದೆ ಹೋಗಬಹುದು, ನಡುದಾರಿಯಲ್ಲಿ ತಿದ್ದಲ್ಪಡಬಹುದು. ಒಟಿಪಿ ಓದಲು ಸಂದೇಶಗಳ ಕಡೆಗೆ ಹೋದಾಗ ಹಳೆಯ ಫೋನು ಬ್ರೌಸರನ್ನು ಮುಚ್ಚಿಬಿಡಬಹುದು, ಪ್ರಯಾಣದಲ್ಲಿದ್ದವರ ನೆಟ್‌ವರ್ಕ್ ಅದೇ ಕ್ಷಣದಲ್ಲಿ ಕಡಿದು ಹೋಗಬಹುದು. ಆದ್ದರಿಂದ ಬ್ರೌಸರ್ ತಂದ ಮಾತಿನ ಮೇಲೆ ನಾವು ಟಿಕೆಟ್ ಕೊಡುವುದಿಲ್ಲ. ಗೇಟ್‌ವೇ ತನ್ನ ಸರ್ವರ್‌ನಿಂದ ಪ್ರತ್ಯೇಕವಾಗಿ ವೆಬ್‌ಹುಕ್ ಎಂಬ ಸಂದೇಶವನ್ನು ನೇರವಾಗಿ ನಮ್ಮ ಸರ್ವರ್‌ಗೆ ಕಳುಹಿಸುತ್ತದೆ. ಇಬ್ಬರಿಗೆ ಮಾತ್ರ ಗೊತ್ತಿರುವ ರಹಸ್ಯ ಕೀಲಿಯಿಂದ ಅದರ ಸಹಿಯನ್ನು ಲೆಕ್ಕ ಹಾಕಿ ತಾಳೆ ನೋಡಿದ ಮೇಲೆ, ಆರ್ಡರ್ ಸಂಖ್ಯೆ ಮತ್ತು ಮೊತ್ತ ನಮ್ಮ ದಾಖಲೆಗೆ ಸರಿಹೊಂದಿದರೆ ಮಾತ್ರ ಸೀಟು ಖಚಿತ. ಒಂದೇ ವೆಬ್‌ಹುಕ್ ಎರಡು ಸಲ ಬರುವುದೂ ಉಂಟು. ಒಂದು ಪಾವತಿಗೆ ಒಂದೇ ಟಿಕೆಟ್ ಎಂಬ ಕಟ್ಟನ್ನು ಡೇಟಾಬೇಸ್‌ನಲ್ಲಿಯೇ ಹಾಕಿದ್ದೇವೆ.

ಇಷ್ಟನ್ನು ಕೇಳಿದ ಆ ಹಿರಿಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾರೂ ಏನೂ ಹೇಳದಿದ್ದರೆ ಏನು ಮಾಡುತ್ತೀರಿ ಎಂದರು. ಈ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದ ಜಾಗ ಅದು. ನಾವು ಕಳುಹಿಸಿದ ಕೋರಿಕೆಗೆ ಉತ್ತರ ಬಾರದೆ ಟೈಮ್‌ಔಟ್ ಆದಾಗ, ಹಣ ಕಡಿತವಾಗಿರಲೂಬಹುದು, ಆಗದೇ ಇರಲೂಬಹುದು. ಅದನ್ನು ವಿಫಲವೆಂದು ಬರೆದುಕೊಂಡು ಮತ್ತೊಮ್ಮೆ ಪಾವತಿ ಮಾಡಿಸಿದರೆ ಪ್ರಯಾಣಿಕರ ಖಾತೆಯಿಂದ ಎರಡು ಸಲ ಹಣ ಹೋಗುವ ಅಪಾಯವಿದೆ. ಆದ್ದರಿಂದ ಅಂತಹ ಪಾವತಿಯನ್ನು 'ಬಾಕಿ' ಸ್ಥಿತಿಯಲ್ಲಿಟ್ಟು, ನಮ್ಮದೇ ಆರ್ಡರ್ ಸಂಖ್ಯೆಯನ್ನು ಹಿಡಿದು ಗೇಟ್‌ವೇಯನ್ನು ಮತ್ತೆ ಮತ್ತೆ ವಿಚಾರಿಸುವ ಕೆಲಸವನ್ನು ಸರ್ವರ್‌ಗೆ ವಹಿಸಿದ್ದೇವೆ. ಕಾಯ್ದಿರಿಸಿದ ಅವಧಿ ಮುಗಿದು ಸೀಟು ಬೇರೆಯವರ ಪಾಲಾದ ಮೇಲೆ ಬ್ಯಾಂಕಿನ ಒಪ್ಪಿಗೆ ತಡವಾಗಿ ಬಂದರೆ, ಆ ಹಣವನ್ನು ಕ್ಯಾಪ್ಚರ್ ಮಾಡದೆ, ಅಂದರೆ ವ್ಯಾಪಾರಿಯ ಕಡೆಗೆ ಎಳೆದುಕೊಳ್ಳದೆ, ಹಿಂದಿರುಗಿಸುತ್ತೇವೆ. ಖಾತೆಯಿಂದ ಹಣ ಹೋಗಿಯೂ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಅದು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಹೇಳುತ್ತದೆ. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ಕೌಂಟರಿಗೆ ಬಂದು ಜಗಳವಾಡುವವರಿಗೆ ಏನು ಉತ್ತರಿಸಬೇಕೆಂಬುದು ಅವರ ನಿತ್ಯದ ಕಷ್ಟವಾಗಿತ್ತು.

ಮೊತ್ತವನ್ನು ಪೈಸೆಯ ಲೆಕ್ಕದಲ್ಲಿ, 749 ರೂಪಾಯಿಯನ್ನು 74900 ಎಂದು ಕಳುಹಿಸುವುದು ಮುಂತಾದ ಸಣ್ಣ ಸಂಗತಿಗಳು ಬೇಗ ಮುಗಿದವು.

ಸಂಜೆ ಉಳಿದದ್ದು ಲಾಗ್‌ಗಳ ಶೋಧ. ಸರ್ವರ್‌ಗೆ ಬಂದ ಕೋರಿಕೆಯನ್ನು ಇಡಿಯಾಗಿ ಬರೆದಿಡುವ ಸೌಲಭ್ಯ ಬೇರೆ ಕೆಲಸಗಳಲ್ಲಿ ವರವಾಗಿರಬಹುದು, ಇಲ್ಲಿ ಅದು ಕಾರ್ಡ್ ಸಂಖ್ಯೆಯನ್ನೂ ಸಿವಿವಿಯನ್ನೂ ಕಡತಕ್ಕೆ ಇಳಿಸಿಬಿಡುತ್ತದೆ. ಸಿವಿವಿಯನ್ನು ಬ್ಯಾಂಕಿನ ಒಪ್ಪಿಗೆ ಬಂದ ಮೇಲೆ ಗೂಢಲಿಪಿಯಲ್ಲಿ ಕೂಡ ಇಟ್ಟುಕೊಳ್ಳುವಂತಿಲ್ಲ. ಪೂರ್ಣ ಕಾರ್ಡ್ ಸಂಖ್ಯೆಯನ್ನು 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಉಳಿಸಿಕೊಳ್ಳುವಂತಿಲ್ಲ, ಅದರ ಬದಲು ಆ ಸಂಖ್ಯೆಯ ಜಾಗದಲ್ಲಿ ನಿಲ್ಲುವ ಟೋಕನ್ ಎಂಬ ಸಂಕೇತವನ್ನು ಬಳಸಬೇಕು. ಬೆಳಿಗ್ಗೆಯಿಂದ ಬಳಸಿದ ಪರೀಕ್ಷಾ ಸಂಖ್ಯೆಯನ್ನು ವೆಬ್ ಸರ್ವರಿನ ಲಾಗ್, ದೋಷ ವರದಿ, ಬ್ಯಾಕಪ್‌ಗಳಲ್ಲೆಲ್ಲ ಹುಡುಕಿದೆವು. ಎಲ್ಲಿಯೂ ಕೊನೆಯ ನಾಲ್ಕು ಅಂಕಿಗಳಿಗಿಂತ ಹೆಚ್ಚು ಸಿಗಲಿಲ್ಲ. ಅಪರಿಚಿತರೊಬ್ಬರು ನಂಬಿ ಕೊಟ್ಟ ಸಂಖ್ಯೆ ನಮ್ಮಲ್ಲಿ ಉಳಿಯಲಿಲ್ಲವೆಂಬ ಖಾತ್ರಿಯನ್ನು ನಾನು ಟಿಕೆಟ್ ಮೂಡಿದ್ದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಹೊರಡುವ ಮೊದಲು ಒಂದೇ ಒಂದು ಬದಲಾವಣೆ ಆಯಿತು. ಬಾಕಿ ಸ್ಥಿತಿಯಲ್ಲಿ 'ಪ್ರಕ್ರಿಯೆಯಲ್ಲಿದೆ' ಎಂದಷ್ಟೇ ತೋರಿಸುವುದು ಸಾಲದು ಎಂದು ಆ ಹಿರಿಯರು ಪಟ್ಟು ಹಿಡಿದರು. ಅವರು ಹೇಳಿದಂತೆಯೇ, "ನಿಮ್ಮ ಬ್ಯಾಂಕಿನ ಉತ್ತರ ಇನ್ನೂ ಬಂದಿಲ್ಲ. ದಯವಿಟ್ಟು ಮತ್ತೊಮ್ಮೆ ಹಣ ಕಟ್ಟಬೇಡಿ. ಉತ್ತರ ಬಂದ ಕೂಡಲೇ ನಿಮ್ಮ ಫೋನಿಗೆ ಸಂದೇಶ ಕಳುಹಿಸುತ್ತೇವೆ" ಎಂದು ಬರೆದು, ಕೆಳಗೆ ಕೌಂಟರಿನ ದೂರವಾಣಿ ಸಂಖ್ಯೆಯನ್ನು ಸೇರಿಸಿದೆವು.