ಮಳೆ ಬಂದಾಗಲೇ ಮೂಡುವ ಕಲೆ

ಹಾಸನದ ವಿದ್ಯಾನಗರದ ಆ ಮನೆಯಲ್ಲಿ ಮಲಗುವ ಕೋಣೆಯ ಫಾಲ್ಸ್ ಸೀಲಿಂಗ್ ಮೇಲೆ ತಟ್ಟೆಯಗಲದ ಹಳದಿ ಕಲೆ. ಮನೆಯ ಹಿರಿಯಮ್ಮ ಬಾಗಿಲಲ್ಲೇ ಹೇಳಿದರು: "ಬಿಸಿಲಿದ್ದಾಗ ಒಂದು ತೊಟ್ಟೂ ಇಲ್ಲ ಕಣಪ್ಪ. ಸಂಜೆ ಮಳೆ ಹುಯ್ದ್ರೆ ರಾತ್ರಿಗೆ ಒದ್ದೆ. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಇನ್ನೂ ತಿಂಗಳಾಗಿಲ್ಲ."

ಮೇ ಕೊನೆಯ ವಾರ. ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗು ಮಳೆ, ಆಮೇಲೆ ಬೆಳಗಿನವರೆಗೆ ತಣ್ಣನೆ ತೇವ. ಏಸಿ ಮಾತ್ರ ರಾತ್ರಿಯಿಡೀ ಓಡುತ್ತದೆ. ಮಳೆಗೂ ಕಲೆಗೂ ನಂಟಿದೆ ಎಂಬ ಅವರ ಮಾತು ನಿಜ. ಆದರೆ ನೀರು ತಾರಸಿಯಿಂದ ಇಳಿಯುತ್ತಿರಲಿಲ್ಲ.

ಮೊದಲು ಇಂಡೋರ್ ಯೂನಿಟ್ಟಿನ ಟ್ರೇಗೆ ನಿಧಾನವಾಗಿ ಒಂದು ಲೀಟರ್ ನೀರು ಹುಯ್ದು ನೋಡಿದ್ದಾಯಿತು. ಅಷ್ಟೂ ಡ್ರೈನ್ ಪೈಪಿನಿಂದ ಹೊರಗೆ ಬಂತು. ಫಿಲ್ಟರ್ ಚೊಕ್ಕಟ, ಪೈಪಿನ ಮೇಲೆ ಮಂಜುಗಡ್ಡೆಯಿಲ್ಲ. ಗ್ಯಾಸ್ ಕಡಿಮೆಯಾದರೆ ಅಥವಾ ಫಿಲ್ಟರ್ ಕಟ್ಟಿದರೆ ಮಂಜು ಹಿಡಿಯುತ್ತದೆ; ಹಾಗಿದ್ದಾಗ ಪೈಪಿನ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಬದಲಿಸಿ ಪ್ರಯೋಜನವಿಲ್ಲ. ಕಲೆಯ ಪಕ್ಕದ ಲೈಟ್ ಬಿಚ್ಚಿ ಟಾರ್ಚ್ ಬಿಟ್ಟರೆ ಮೇಲಿನ ಮೋಲ್ಡ್ (ಕಾಂಕ್ರೀಟ್ ಛಾವಣಿ) ಒಣಗಿತ್ತು, ಕೆಳಗೆ ಹಾದ ಕಾಪರ್ ಪೈಪಿನ ಬಿಳಿ ಫೋಮಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಪೈಪು ಬೆವರುತ್ತಿತ್ತು.

ಸೀಲಿಂಗ್ ಒಳಗಿನ ಗಾಳಿ 26 ಡಿಗ್ರಿ, ತೇವಾಂಶ ಶೇ. 84. ಅಂಥ ಗಾಳಿ 23 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ನೀರು ಬಿಡುತ್ತದೆ. ಪೈಪು 9 ಡಿಗ್ರಿ, 6 ಮಿಲಿಮೀಟರ್ ಫೋಮಿನ ಹೊರಮೈ 20. ಮಧ್ಯಾಹ್ನ 32 ಡಿಗ್ರಿಯ ಒಣಗಾಳಿಯಲ್ಲಿ, ತೇವಾಂಶ ಶೇ. 38 ಇದ್ದರೆ, ನೀರು ಕಟ್ಟುವ ಗಡಿ 16ಕ್ಕೆ ಇಳಿಯುತ್ತದೆ. ಅದೇ ಫೋಮು ಆಗ ಒಣಗಿಯೇ ಇರುತ್ತದೆ. ಬಿಸಿಲಲ್ಲಿ ಬಂದು ನೋಡಿದವರಿಗೆಲ್ಲ ತಾರಸಿಯ ಮೇಲೆ ಅನುಮಾನ ಹೋದದ್ದು ಇದರಿಂದಲೇ. ಏಸಿ ಓಡಿಸದ ಒಂದು ಮಳೆಯ ರಾತ್ರಿ ಕಲೆ ಒಣಗಿದೆಯೇ ಎಂದು ನೋಡಿದ್ದರೆ ತಾರಸಿಯ ಖರ್ಚು ಉಳಿಯುತ್ತಿತ್ತು. ಅದು ನಿಜವಾಗಿಯೂ ಸಂಕಟದ ಸಂಗತಿ.

ಸೀಲಿಂಗಿನಲ್ಲಿ ಎರಡಡಿ ಚೌಕ ಕತ್ತರಿಸಿ ನೋಡಿದಾಗ ತಪ್ಪುಗಳು ಒಂದೊಂದಾಗಿ ಕಂಡವು. ಅರ್ಧ ಇಂಚಿನ ದಪ್ಪ ಪೈಪಿಗೆ ಮಾತ್ರ ಫೋಮು ಹಾಕಿ, ಕಾಲು ಇಂಚಿನ ಸಣ್ಣ ಪೈಪನ್ನು ಬರಿಮೈಯಲ್ಲಿ ಅದಕ್ಕೆ ಸೇರಿಸಿ ಟೇಪು ಸುತ್ತಿದ್ದರು. ಮನೆಯ ಸ್ಪ್ಲಿಟ್ ಏಸಿಗಳಲ್ಲಿ ಗ್ಯಾಸಿನ ಒತ್ತಡ ಇಳಿಯುವುದು ಸಾಮಾನ್ಯವಾಗಿ ಔಟ್‌ಡೋರ್ ಯೂನಿಟ್ಟಿನಲ್ಲೇ. ಹಾಗಾಗಿ ಸಣ್ಣ ಪೈಪೂ ತಣ್ಣಗೇ ಬರುತ್ತದೆ, ಅದಕ್ಕೂ ಬೇರೆಯೇ ತೋಳು, ಅಂದರೆ ಕೊಳವೆಯಂಥ ಹೊದಿಕೆ, ಬೇಕು. ಟೈ ಬಿಗಿದ ಕಡೆಯಲ್ಲೆಲ್ಲ ಫೋಮು ಚಪ್ಪಟೆ. ಯೂನಿಟ್ಟಿನ ಹಿಂದಿನ ನಟ್ಟಿನ ಹತ್ತಿರ ಒಂದಿಂಚು ತಾಮ್ರ ಬೆತ್ತಲೆ. ಅತಿ ಹೆಚ್ಚು ನೀರು ಸುರಿಯುತ್ತಿದ್ದದ್ದು ಅಲ್ಲಿಂದ. ಗೋಡೆಯ ತೂತಿಗೆ ಪುಟ್ಟಿ ಇಲ್ಲದೆ ಹೊರಗಿನ ತೇವದ ಗಾಳಿ ನೇರವಾಗಿ ಸೀಲಿಂಗಿನೊಳಕ್ಕೆ ನುಗ್ಗುತ್ತಿತ್ತು.

ಒದ್ದೆ ಫೋಮನ್ನು ಒಣಗಿಸಿ ಮತ್ತೆ ಹಾಕಬಾರದು, ಅದರ ಮೇಲೆ ಇನ್ನೊಂದು ಪದರ ಸುತ್ತುವುದಂತೂ ಬೇಡವೇ ಬೇಡ. ಒಳಗೆ ಸಿಕ್ಕಿದ ನೀರು ಇನ್ಸುಲೇಷನ್ನಿಗಿಂತ ಹತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಹಾಯಿಸುತ್ತದೆ. ಎಲ್ಲ ಕಿತ್ತು, ಪೈಪು ಒರೆಸಿ, ನೈಟ್ರೈಲ್ ರಬ್ಬರಿನ ತೋಳು ಹಾಕಬೇಕು. ದಪ್ಪದ ಲೆಕ್ಕ ಹೀಗೆ: ಅರ್ಧ ಇಂಚಿನ ಪೈಪಿಗೆ 9 ಮಿಲಿಮೀಟರ್ ಹಾಕಿದರೆ ಆ ರಾತ್ರಿಯ ಗಾಳಿಯಲ್ಲಿ ಹೊರಮೈ ಸುಮಾರು 22 ಡಿಗ್ರಿ, ಅಂದರೆ ಮತ್ತೆ ಬೆವರು. 13 ಹಾಕಿದರೆ 23ರ ಅಂಚಿನಲ್ಲಿ. 19 ಹಾಕಿದರೆ 24 ದಾಟುತ್ತದೆ. ಮುಚ್ಚಿದ ಸೀಲಿಂಗಿನೊಳಗೆ 19ಕ್ಕಿಂತ ಕಡಿಮೆ ಒಪ್ಪಬೇಡಿ. ಇಲ್ಲಿ ಪೈಪಿನ ಉದ್ದ 14 ಅಡಿ, ಎರಡು ಪೈಪಿಗೆ 28. ಪೈಪುಗಳ ಅಳತೆ ಬೇರೆಯಾದ್ದರಿಂದ ಒಂದೊಂದಕ್ಕೆ ಆರಡಿಯ ಮೂರು ತುಂಡು, ಒಟ್ಟು ಆರು ಬೇಕಾಯಿತು. ತೋಳಿನ ಒಳಸುತ್ತು ಪೈಪಿನ ಅಳತೆಗೇ ಇರಬೇಕು, ಸಡಿಲವಾದರೆ ನಡುವೆ ಗಾಳಿ ಸೇರಿ ಒಳಗೇ ಬೆವರುತ್ತದೆ.

ಗ್ಯಾಸ್ ಬಿಚ್ಚದೆ ಹಾಕಬೇಕಾದ್ದರಿಂದ ತೋಳನ್ನು ಉದ್ದಕ್ಕೆ ಸೀಳಲೇಬೇಕು. ಸೀಳಿನ ಎರಡೂ ಅಂಚಿಗೆ ರಬ್ಬರ್ ಅಂಟು ತೆಳ್ಳಗೆ ಸವರಿ, ಐದಾರು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಹಸಿಯಲ್ಲೇ ಒತ್ತಿದರೆ ವಾರದಲ್ಲಿ ಬಾಯಿ ಬಿಡುತ್ತದೆ. ತುಂಡು ತುಂಡು ಕೂಡುವ ಕಡೆಯೂ ಅಂಟು ಬೇಕು, ಟೇಪು ಮಾತ್ರ ಸಾಲದು. ತಣ್ಣನೆ ಪೈಪಿಗೆ ಅಂಟು ಕೂರುವುದಿಲ್ಲ. ಏಸಿ ಆಫ್ ಮಾಡಿಯೇ ಕೆಲಸ, ಆಮೇಲೂ ಒಂದು ದಿನ ಬಿಡಬೇಕು. ಟೇಪನ್ನು ಅರ್ಧಕ್ಕರ್ಧ ಮೇಲೇರಿಸಿ, ಎಳೆಯದೆ ಸುತ್ತಬೇಕು. ರಬ್ಬರ್ ತಗ್ಗಿದಷ್ಟೂ ದಪ್ಪ ಕಡಿಮೆಯಾದಂತೆಯೇ. ಬಿಸಿಲಿಗೆ ಒಡ್ಡಿದ ಹೊರಭಾಗಕ್ಕೆ ಬಿಸಿಲು ತಡೆಯುವ ಹೊದಿಕೆ ಇಲ್ಲದಿದ್ದರೆ ರಬ್ಬರ್ ಪುಡಿಯಾಗುತ್ತದೆ.

ಡ್ರೈನ್ ಪೈಪಿಗೂ 9 ಮಿಲಿಮೀಟರ್ ತೋಳು, ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು. ಗೋಡೆಯ ತೂತಿಗೆ ಎರಡೂ ಕಡೆ ಪುಟ್ಟಿ.

ಕತ್ತರಿಸಿದ ಚೌಕಕ್ಕೆ ತೆಗೆದು ಹಾಕುವ ಮುಚ್ಚಳ ಕೂರಿಸಿ, ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟದ್ದಾಯಿತು. ಮೂರು ಮಳೆ ಕಳೆದರೂ ಕಲೆ ಗೆರೆ ದಾಟಲಿಲ್ಲ, ಪೈಪಿಗೆ ಸುತ್ತಿಟ್ಟ ಟಿಶ್ಯೂ ಕಾಗದ ಗರಿಗರಿಯಾಗಿಯೇ ಇತ್ತು. ಬಣ್ಣದವರನ್ನು ಕರೆಸಿದ್ದು ಆಮೇಲೆ. ಮೊದಲು ಆಯಿಲ್ ಪ್ರೈಮರ್, ನಂತರ ಎಮಲ್ಷನ್. ನೇರವಾಗಿ ಎಮಲ್ಷನ್ ಬಳಿದರೆ ಆ ಹಳದಿ ಮತ್ತೆ ಮೇಲೆ ಮೂಡುತ್ತದೆ.