ಮೂರು ಚುಕ್ಕಿ ಏಳು

ಅಪ್ಪಯ್ಯನ ಅಡಿಕೆ ಪುಸ್ತಕದಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಎಲ್ಲ ಬಗೆಗೂ ಬೇರೆ ಬೇರೆ ಪುಟ. ಸೊಸೈಟಿಯಲ್ಲಿ ಮಾರಿದ ದಿನವೇ ತೂಕ, ದರ ಎರಡನ್ನೂ ಬರೆದಿಡುತ್ತಾನೆ. ಒಟ್ಟು ಮೊತ್ತ ಮಾತ್ರ ಬರೆಯುವುದಿಲ್ಲ, ಅದು ಅವನ ತಲೆಯಲ್ಲೇ ಇರುತ್ತದೆ. ಅದನ್ನೆಲ್ಲ ಎಐ ಸಹಾಯಕನ ಕೈಯಲ್ಲಿ ಕೂಡಿಸಿ ನೋಡಬೇಕು ಅಂತ ನನಗಿತ್ತು.

ಆಷಾಢದ ಮಳೆ. ಶಿರಸಿ ಕಡೆಯ ಮಳೆ ಗೊತ್ತಲ್ಲ, ಹಿಡಿದರೆ ಬಿಡುವ ಜಾತಿಯಲ್ಲ. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯಲು ಬರಬೇಕಿದ್ದ, ಮರ ಹತ್ತುವ ಕೊನೆಗೌಡ ಬರಲಿಲ್ಲ. ಅಪ್ಪಯ್ಯ ಜಗಲಿಯಲ್ಲಿ ಕವಳ ಹಾಕಿಕೊಂಡು ನನ್ನ ಲ್ಯಾಪ್‌ಟಾಪ್ ನೋಡುತ್ತಾ ಕೂತ.

"ಎಂತದು ತಮಾ, ಇದಕ್ಕೆ ಲೆಕ್ಕ ಬತ್ತಿಲ್ಯಾ?"

ಬರುತ್ತದೆ, ಆದರೆ ನಂಬಿಕೆ ಸಾಲದು. ಅದು ಮುಂದಿನ ಪದ ಯಾವುದಿರಬಹುದು ಅಂತ ಊಹಿಸುತ್ತಾ ಹೋಗುವ ಯಂತ್ರ. ಆರಂಕಿಯ ಗುಣಾಕಾರವನ್ನೂ ಹಾಗೇ ಊಹಿಸಿಬಿಡುತ್ತದೆ, ಅದೂ ಪೂರ್ತಿ ಧೈರ್ಯದಿಂದ. ಹಾಗಾಗಿ ಲೆಕ್ಕವನ್ನು ಅದು ಮಾಡುವುದು ಬೇಡ, ಲೆಕ್ಕ ಮಾಡುವ ಪ್ರೋಗ್ರಾಂ ಬರೆಯಲಿ, ಓಡಿಸುವ ಕೆಲಸ ಬೇರೆಯವರದ್ದಾಗಲಿ ಅಂತ ಲುವಾ ಭಾಷೆಯ ಇಂಟರ್‌ಪ್ರಿಟರ್, ಅಂದರೆ ಬರೆದ ಪ್ರೋಗ್ರಾಂ ಓದಿ ಓಡಿಸುವ ಸಾಫ್ಟ್‌ವೇರ್, ಆರಿಸಿಕೊಂಡೆ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಪುಟ್ಟ ಭಾಷೆ. ಬೇರೆ ಸಾಫ್ಟ್‌ವೇರ್ ಒಳಗೆ ಸೇರಿಸಲೆಂದೇ ಮಾಡಿದ್ದು, ಹಾಗಾಗಿ ಎಷ್ಟೋ ವಿಡಿಯೊ ಗೇಮ್‌ಗಳ ಒಳಗೆ ಇದೇ ಇದೆ.

ಅದನ್ನು ಸಹಾಯಕನಿಗೆ ಜೋಡಿಸಲು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್) ಇದೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದ ಮುಕ್ತ ನಿಯಮಾವಳಿ. ನಮ್ಮ ಸರ್ವರ್, ಅಂದರೆ ನಾನು ಬರೆದ ಪುಟ್ಟ ಪ್ರೋಗ್ರಾಂ, ತನ್ನ ಹತ್ತಿರ ಇಂಥ ಉಪಕರಣ ಇದೆ ಅಂತ ಪಟ್ಟಿ ಕೊಡುತ್ತದೆ, ಸಹಾಯಕ ಬೇಕಾದಾಗ ಕರೆಯುತ್ತದೆ. ಮಾತುಕತೆ ಎಲ್ಲ ಜೇಸನ್ ಅನ್ನುವ ಪಠ್ಯ ರೂಪದಲ್ಲಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದೇ ಕಂಪ್ಯೂಟರಿನೊಳಗೆ ಜೋಡಿಸಿದರೆ ಸಂದೇಶಕ್ಕೆ ಒಂದು ಸಾಲು, ಸರ್ವರ್ ಕಳಿಸುವ ಸಾಲುಗಳು ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲೇ, ಅಂದರೆ ಪ್ರೋಗ್ರಾಂ ಬರೆದದ್ದು ಹೊರಬರುವ ಮಾಮೂಲಿ ದಾರಿಯಲ್ಲೇ, ಹೋಗುತ್ತವೆ. ಲುವಾದ ಪ್ರಿಂಟ್ ಆದೇಶ ಕೂಡ ಅಲ್ಲೇ ಬರೆಯುತ್ತದೆ. ಸುಮ್ನೆ ಒಂದು ಅಂಕಿ ಪ್ರಿಂಟ್ ಆದರೂ ಮಾತುಕತೆ ಕೆಡುತ್ತದೆ. ಅದಕ್ಕೇ ಲುವಾವನ್ನು ಬೇರೆ ಪ್ರೊಸೆಸ್ ಆಗಿ ಓಡಿಸಿ, ಅದು ಬರೆದದ್ದನ್ನೆಲ್ಲ ಹಿಡಿದು ಉತ್ತರದೊಳಗೆ ಇಟ್ಟು ಕಳಿಸುವಂತೆ ಮಾಡಿದೆ.

ಜೋಡಿಸುವುದು ಬೇಗ ಮುಗಿಯಿತು. ಹೊತ್ತು ಹಿಡಿದದ್ದು ಏನೇನು ಕೊಡಬಾರದು ಅಂತ ನಿರ್ಧರಿಸಲು. ಫೈಲ್ ಮುಟ್ಟುವುದು, ಸಿಸ್ಟಂ ಆದೇಶ ಓಡಿಸುವುದು, ಎರಡನ್ನೂ ತೆಗೆದೆ. ಗಣಿತ, ಅಕ್ಷರ, ಟೇಬಲ್ ಇಷ್ಟು ಸಾಕು. ಮುಗಿಯದ ಲೂಪ್ ಬಂದರೆ ನಿಲ್ಲಿಸಲು ಇಷ್ಟು ಸೂಚನೆ ಓಡಿದ ಮೇಲೆ ಸಾಕು ಅನ್ನುವ ಹುಕ್ ಹಾಕಬಹುದು. ಆದರೆ ಒಂದು ಅಕ್ಷರವನ್ನು ನೂರು ಕೋಟಿ ಸಲ ಜೋಡಿಸು ಅಂದರೆ ಆ ಕೆಲಸ ನಡೆಯುವುದು ಒಳಗಿನ ಸಿ ಭಾಷೆಯ ಕೋಡಿನಲ್ಲಿ, ಅಲ್ಲಿ ಹುಕ್ ಎಣಿಸುವುದೇ ಇಲ್ಲ. ಒಂದು ಗಿಗಾಬೈಟ್ ಮೆಮೊರಿ ಹೋಯಿತು ಅಂತಲೇ ಲೆಕ್ಕ. ಅದಕ್ಕೆ ಇಡೀ ಪ್ರೊಸೆಸ್‌ಗೇ ಮೆಮೊರಿ ಮತ್ತು ಸಮಯದ ಮಿತಿ ಹಾಕಿದೆ.

ಸಹಾಯಕ ಬರೆದ ಮೊದಲ ಪ್ರೋಗ್ರಾಂನಲ್ಲೇ +=, ಅಂದರೆ ಇದ್ದದ್ದಕ್ಕೆ ಇಷ್ಟು ಕೂಡಿಸು ಅನ್ನುವ ಚಿಹ್ನೆ, ಇತ್ತು. ಲುವಾದಲ್ಲಿ ಅದು ಇಲ್ಲ. ಇಂಟರ್‌ಪ್ರಿಟರ್ ಬೈದದ್ದನ್ನು ನಾನು ಹಾಗೇ ಉತ್ತರವಾಗಿ ಕಳಿಸಿದ್ದೆ, ತಪ್ಪಾಗಿದೆ ಅನ್ನುವ ಗುರುತಿನ ಜೊತೆ. ಓದಿಕೊಂಡು ತಾನೇ ಸರಿ ಮಾಡಿತು! ಇದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಎಷ್ಟು ಜನ ಎರರ್ ಮೆಸೇಜ್ ಪೂರ್ತಿ ಓದುತ್ತಾರೆ ಹೇಳಿ.

ರಾಶಿಯ ಮೊತ್ತ ಬಂತು. ಓದಿ ಹೇಳಿದೆ. ಅಪ್ಪಯ್ಯ ಕವಳ ಉಗಿದು ಬಂದ.

"ಅಷ್ಟೆಲ್ಲ ಎಲ್ಲಿ ಬಂತೋ? ಜಾಸ್ತಿ ಆತು."

ಒಂದೊಂದೇ ಸಾಲು ನೋಡುತ್ತಾ ಹೋದೆವು. ಪುಸ್ತಕದಲ್ಲಿ ತೂಕ 3.7 ಅಂತ ಇತ್ತು. ಸಹಾಯಕ ಅದನ್ನು ಮೂರು ಕ್ವಿಂಟಲ್ ಎಪ್ಪತ್ತು ಕೇಜಿ ಅಂತ ಹಿಡಿದಿತ್ತು.

"ಅದು ಮೂರು ಕ್ವಿಂಟಲ್ ಏಳು ಕೇಜಿ ಅಲ್ದೋ!"

ಕ್ವಿಂಟಲ್‌ಗೆ 48 ಸಾವಿರ ಅಂತ ಹಿಡಿದರೂ ಆ ಒಂದೇ ಸಾಲಿನಲ್ಲಿ 30,240 ರೂಪಾಯಿ ಹೆಚ್ಚು. ಲುವಾ ಮಾಡಿದ ಗುಣಾಕಾರದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ.

ಉಪಕರಣದ ವಿವರಣೆಯಲ್ಲಿ ಒಂದು ಎಚ್ಚರಿಕೆ ಬರೆದರೆ ಸಾಕಿತ್ತೇನೋ. ಸಹಾಯಕ ಅದನ್ನು ಓದಿಯೇ ಕೆಲಸ ಶುರು ಮಾಡುವುದು. ಆದರೆ ನನಗೆ ಅಷ್ಟು ಭರವಸೆ ಇಲ್ಲ. ಅಡಿಕೆ ತೂಕಕ್ಕೇ ಬೇರೆ ಉಪಕರಣ ಮಾಡಿದೆ. ಕ್ವಿಂಟಲ್ ಒಂದು ಖಾನೆ, ಕೇಜಿ ಇನ್ನೊಂದು. ಎರಡೂ ಪೂರ್ಣಾಂಕ, ಕೇಜಿ 99 ದಾಟುವಂತಿಲ್ಲ. ಚುಕ್ಕಿ ಹಾಕಲು ಜಾಗವೇ ಇಲ್ಲ. ಮತ್ತೆ ಅದೇ ಪುಟ ಕೊಟ್ಟಾಗ ಸಹಾಯಕ ಲೆಕ್ಕಕ್ಕೆ ಇಳಿಯುವ ಮೊದಲು ಕೇಳಿತು, 3.7 ಅಂದರೆ ಏಳು ಕೇಜಿಯೋ ಎಪ್ಪತ್ತೋ ಅಂತ. ಈ ಸಲ ಬಂದ ಮೊತ್ತಕ್ಕೆ ಅಪ್ಪಯ್ಯ ಗೋಣು ಹಾಕಿದ.

ಆಮೇಲೆ ಕಾಳುಮೆಣಸಿನ ಪುಟ ತೆಗೆದು ಮುಂದಿಟ್ಟ. ಮೊದಲ ಸಾಲಿನಲ್ಲೇ 12.5 ಅಂತ ಇದೆ. ಇದು ಹನ್ನೆರಡು ಕೇಜಿ ಐದು ಗ್ರಾಂ ಅಲ್ವಾ ಅಂತ ಕೇಳಿದೆ.

"ಮಳ್ಳು! ಹನ್ನೆರಡೂವರೆ ಕೇಜಿ."