ಟೊಳ್ಳು ಹರಳುಗಳಲ್ಲಿ ಹರಿಯುವ ವಿದ್ಯುತ್ತು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ಗೆ ನಾನು ಬಂದದ್ದು ಲೋಹ-ಸಾವಯವ ಚೌಕಟ್ಟುಗಳ, ಅಂದರೆ ಇಲ್ಲಿ ಎಲ್ಲರೂ ‘ಮಾಫ್’ ಎನ್ನುವ ವಸ್ತುಗಳ, ವಿದ್ಯುದ್ವಾಹಕತೆಯನ್ನು ಅಳೆಯುವ ಕೆಲಸಕ್ಕಾಗಿ. ಸುಸುಮು ಕಿತಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಸಂದ ಮೇಲೆ ಊರಿನಿಂದ ಕರೆ ಮಾಡುವವರೂ ಇವುಗಳ ಬಗ್ಗೆ ವಿಚಾರಿಸುತ್ತಾರೆ. ಅನಿಲವನ್ನು ಹೀರಿಕೊಳ್ಳುವ, ಒಣಗಾಳಿಯಿಂದಲೂ ನೀರು ತೆಗೆಯುವ ಗುಣ ಅವರಿಗೆ ತಿಳಿದಿದೆ. ವಿದ್ಯುತ್ತಿನ ಸಂಗತಿ ಅಷ್ಟಾಗಿ ತಲುಪಿಲ್ಲ.

ಲೋಹದ ಅಯಾನುಗಳನ್ನು ಸಾವಯವ ಅಣುಗಳು ಜೋಡಿಸಿ ಕಟ್ಟಿದ ಈ ಹರಳುಗಳ ಒಳಗೆಲ್ಲ ರಂಧ್ರಗಳಿರುತ್ತವೆ. ಸಾಮಾನ್ಯವಾಗಿ ಆ ಜೋಡಣೆ ಆಮ್ಲಜನಕದ ಮೂಲಕ ಆಗುವುದರಿಂದ ಎಲೆಕ್ಟ್ರಾನುಗಳು ತಮ್ಮ ನೆಲೆ ಬಿಟ್ಟು ಸುಲಭವಾಗಿ ಕದಲುವುದಿಲ್ಲ, ಹೀಗಾಗಿ ಬಹುಪಾಲು ಮಾಫ್‌ಗಳು ಅವಾಹಕಗಳು. 2014ರಲ್ಲಿ ಇದೇ ಊರಿನ ಎಂಐಟಿಯಲ್ಲಿ ಮಿರ್ಚಾ ಡಿಂಕಾ ಅವರ ತಂಡ ನಿಕ್ಕಲ್ ಅಯಾನುಗಳನ್ನು ಸಾರಜನಕದ ಮೂಲಕ ಬೆಸೆದು, ಗ್ರಾಫೈಟಿನ ಹಾಗೆ ಪದರ ಪದರವಾಗಿ ಕೂಡುವ ಕಪ್ಪು ವಸ್ತುವೊಂದನ್ನು ಪ್ರಕಟಿಸಿತು. ಅದರ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಯ ವಾಹಕತೆ ಸೆಂಟಿಮೀಟರಿಗೆ 2 ಸೀಮೆನ್ಸ್ (ಸೀಮೆನ್ಸ್ ಎಂಬುದು ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂಬುದರ ಮಾನ), ತೆಳುಪೊರೆಯದು 40. ತಾಮ್ರದ ತಂತಿಯ ಮುಂದೆ ಇದು ತೀರ ಚಿಕ್ಕ ಅಂಕಿ. ಆದರೂ ರಂಧ್ರಗಳಿರುವ ವಸ್ತುವೊಂದರಲ್ಲಿ ಇಷ್ಟು ಸಿಕ್ಕಿತೆಂಬುದೇ ನನ್ನನ್ನು ಈ ಕ್ಷೇತ್ರಕ್ಕೆ ಎಳೆದದ್ದು. ಇಂಗಾಲದ ಪುಡಿಯನ್ನು ಬೆರೆಸದೆಯೇ ಇದನ್ನು ಸೂಪರ್‌ಕೆಪಾಸಿಟರಿನ, ಅಂದರೆ ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಟ್ಟುಕೊಡುವ ಸಾಧನದ, ವಿದ್ಯುದ್ವಾರವಾಗಿ ಬಳಸಬಹುದೆಂದು 2017ರಲ್ಲಿ ತೋರಿಸಲಾಯಿತು.

ಒಂದೇ ವಸ್ತುವಿಗೆ ಎರಡು ಅಂಕಿಗಳೇಕೆ ಎಂಬ ಪ್ರಶ್ನೆಯಲ್ಲೇ ನನ್ನ ದಿನಗಳು ಕಳೆಯುತ್ತವೆ. ಬಿಲ್ಲೆಯಲ್ಲಿ ಅಸಂಖ್ಯಾತ ಸಣ್ಣ ಹರಳುಗಳು ಅಡ್ಡಾದಿಡ್ಡಿಯಾಗಿ ಒತ್ತಿಕೊಂಡಿರುತ್ತವೆ, ಅವುಗಳ ನಡುವಿನ ಗಡಿಗಳನ್ನು ದಾಟುವಾಗಲೆಲ್ಲ ಎಲೆಕ್ಟ್ರಾನುಗಳಿಗೆ ತಡೆಯುಂಟಾಗುತ್ತದೆ. ತಂತಿ ತಾಗುವ ಜಾಗದ ರೋಧವೂ ಲೆಕ್ಕಕ್ಕೆ ಸೇರದಿರಲಿ ಎಂದು ನಾಲ್ಕು ತಂತಿಗಳನ್ನಿಟ್ಟು, ಹೊರಗಿನ ಎರಡರಲ್ಲಿ ವಿದ್ಯುತ್ತನ್ನು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜನ್ನು ನೋಡುತ್ತೇವೆ. ಇನ್ನು ನೀರಿನ ತೊಡಕು ಬೇರೆ. ರಂಧ್ರಗಳಿಗೆ ತೇವ ಸೇರಿದರೆ ಪ್ರೋಟಾನುಗಳೂ ಚಲಿಸತೊಡಗುತ್ತವೆ, ಅದನ್ನು ಎಲೆಕ್ಟ್ರಾನುಗಳ ಚಲನೆಯೆಂದು ತಿಳಿದುಬಿಡುವ ಅಪಾಯವಿದೆ. ಇಲ್ಲಿನ ಚಳಿಗಾಲದಲ್ಲಿ ಹೀಟರಿನಿಂದ ಕೋಣೆಯ ಗಾಳಿ ತೀರ ಒಣಗಿರುತ್ತದೆ, ಜುಲೈಯಲ್ಲಿ ಅದೇ ಕೋಣೆಯಲ್ಲಿ ಮೈ ಬೆವರುತ್ತದೆ. ಆದ್ದರಿಂದ ಅಳತೆಯನ್ನು ನಿರ್ವಾತದಲ್ಲಿ ಮಾಡುವುದೇ ಸರಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಮಾಫ್‌ಗಳ ಮೇಲೆ ಸಂಶೋಧನೆ ನಡೆಯುತ್ತದೆ, ಅಲ್ಲಿ ಮಳೆಗಾಲದಲ್ಲಿ ಅಳೆದದ್ದನ್ನು ಇಲ್ಲಿನ ಜನವರಿಯ ಅಳತೆಯೊಂದಿಗೆ ಹೋಲಿಸಬೇಕಾದರೆ ಉಷ್ಣತೆ, ತೇವ, ಒತ್ತಡ ಎಲ್ಲವನ್ನೂ ಇಬ್ಬರೂ ಬರೆದಿಟ್ಟಿರಬೇಕು. ಇವುಗಳ ಉಲ್ಲೇಖವಿಲ್ಲದ ಅಂಕಿಯನ್ನು ನಾನು ನಂಬುವುದಿಲ್ಲ.

ತಂಪು ಮಾಡಿದಂತೆ ಆ ನಿಕ್ಕಲ್ ಬಿಲ್ಲೆಯ ವಾಹಕತೆ ಇಳಿಯುತ್ತದೆ, ಇದು ಅರೆವಾಹಕದ ಲಕ್ಷಣ. ಸೈದ್ಧಾಂತಿಕ ಲೆಕ್ಕಾಚಾರಗಳು ಮಾತ್ರ ಅದು ಲೋಹದ ಸ್ವಭಾವದ್ದೆಂದು ಹೇಳುತ್ತಿದ್ದವು. 2019ರಲ್ಲಿ ಒಂಟಿ ಹರಳಿನ ಕಡ್ಡಿಗೇ ತಂತಿ ಜೋಡಿಸಿ ಅಳೆದಾಗ ಸೆಂಟಿಮೀಟರಿಗೆ ಸುಮಾರು 150 ಸೀಮೆನ್ಸ್‌ವರೆಗೆ ಸಿಕ್ಕಿತು, ಅರೆವಾಹಕವೊಂದರ ವಾಹಕತೆ ಅಳಿದೇಹೋಗುವಂಥ 0.3 ಕೆಲ್ವಿನ್‌ಗೆ, ಅಂದರೆ ನಿರಪೇಕ್ಷ ಶೂನ್ಯದ ತೀರ ಹತ್ತಿರಕ್ಕೆ, ಇಳಿಸಿದರೂ ಇದರದು ಅಳಿಯಲಿಲ್ಲ. ಲೆಕ್ಕಾಚಾರ ಹೇಳಿದ್ದ ಆ ಲೋಹಗುಣವನ್ನು ಅಷ್ಟು ಕಾಲ ಮರೆಮಾಡಿದ್ದು ಬಿಲ್ಲೆಯೊಳಗಿನ ಗಡಿಗಳು.